ಮುಚ್ಚಿದ ಡಬ್ಬಿ

ಟೊರಾಂಟೊದ ನಾರ್ತ್ ಯಾರ್ಕಿನ ನಮ್ಮ ಅಡುಗೆಮನೆಯಲ್ಲಿ ಪುಳಿಯೋಗರೆ ಗೊಜ್ಜು ಕುದಿಯುವಾಗಲೆಲ್ಲ ದೊಡ್ಡಪ್ಪನ ಹಸಿದ ಮುಖ ನೆನಪಾಗುತ್ತದೆ.

ಒಮ್ಮೆ ಅವರೂ ನಾವೂ ರಜೆಗೆಂದು ಗ್ರೀಸಿನ ಹಳೆಯ ಬಂದರೂರೊಂದಕ್ಕೆ ಹೋಗಿದ್ದೆವು. ಮಧ್ಯಾಹ್ನ ಕೋಟೆಗೋಡೆಯ ನೆರಳಿನಲ್ಲಿ ಅಮ್ಮ ಸ್ಟೀಲ್ ಡಬ್ಬಿ ತೆರೆದಳು.

“ಥೂ, ಮುಚ್ಚಮ್ಮ! ಇಲ್ಲಿಗೆ ಬಂದೂ ಪುಳಿಯೋಗರೇನಾ? ಜನ ನೋಡ್ತಿದಾರೆ, ಎಂಬರಾಸಿಂಗು!” ಎಂದರು ದೊಡ್ಡಪ್ಪ. ಅಪ್ಪ ದೋಣಿಗಳನ್ನು ನೋಡುತ್ತ ನಿಂತ. ಅಮ್ಮ ಮುಚ್ಚಳ ಒತ್ತಿ, ಡಬ್ಬಿಯನ್ನು ನನ್ನ ಬ್ಯಾಗಿಗೆ ತುರುಕಿದಳು.

ಸವೆದು ನುಣುಪಾದ ಕಲ್ಲಿನ ಓಣಿಗಳಲ್ಲಿ ಸಂಜೆಯವರೆಗೂ ಅಲೆದೆವು. ಹೋದ ಹೋಟೆಲುಗಳಿಂದೆಲ್ಲ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಬಂದ ದೊಡ್ಡಪ್ಪ ಕೊನೆಗೆ ಮೆಟ್ಟಿಲ ಮೇಲೆ ಕುಸಿದು ಕುಳಿತರು.

“ಆ ಡಬ್ಬಿ ಇದೆಯೇನಮ್ಮ?”

“ಅಯ್ಯೋ ಭಾವ, ಕಡಲಹಕ್ಕಿಗಳಿಗೆ ಹಾಕಿಬಿಟ್ಟೆನಲ್ಲ,” ಎಂದಳು ಅಮ್ಮ, ತೀರ ಮೆತ್ತಗೆ.

ಡಬ್ಬಿ ನನ್ನ ಬೆನ್ನ ಮೇಲೆ ಭಾರವಾಗಿಯೇ ಇತ್ತು. ನಾನೂ ಹಸಿದಿದ್ದೆ. ಬ್ಯಾಗಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡೆ.