ವಾರ ಅಲ್ಲಿ, ವಾರ ಇಲ್ಲಿ

"ನಿನ್ನ ಮನೇಲಿ ಎರಡು ತುತ್ತೂ ಸೇರಲ್ಲ. ಮೈ ಎಷ್ಟು ಇಳಿದುಹೋಗಿದೆ ನೋಡು!" ಸಂಹಿತಾಳ ದನಿ ಏರಿತು.

"ನೀನೇನು ಕಡಿಮೆಯಾ? ಬಾಗಿಲು ಲಾಕ್ ಮಾಡದೆ ಮೀಟಿಂಗಲ್ಲಿ ಕೂತೆ. ಬರಿಗಾಲಲ್ಲಿ ಬಸ್ಸಿಗೆ ಕಾಯ್ತಾ ಬಸ್‌ಸ್ಟಾಪಲ್ಲಿ ಪೊಲೀಸರಿಗೆ ಸಿಕ್ಕಿದ್ದು ಮರೆತುಹೋಯ್ತಾ?" ಪ್ರದ್ಯುಮ್ನನೂ ಬಿಡಲಿಲ್ಲ.

ಜರ್ಮನಿಯ ಎರ್ಲಾಂಗೆನ್‌ನ ಆ ಫ್ಲಾಟಿನಲ್ಲಿ ಅಡುಗೆಮನೆಯ ಜಗಳ ಹಾಲಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಶಾಮಲಾ ಕೂತಲ್ಲಿ ಕೂರಲಾರದೆ ಎದ್ದರು. ಕಿಟಕಿಯವರೆಗೆ ಹೋದರು, ಮತ್ತೆ ಬಂದು ಕೂತರು, ಸೀರೆಯ ನೆರಿಗೆ ಸರಿಮಾಡಿಕೊಂಡರು. ಲಂಡನ್ನಿನ ಕೌಟುಂಬಿಕ ನ್ಯಾಯಾಲಯದಲ್ಲಿ ಹಿರಿಯ ನ್ಯಾಯಾಧೀಶೆಯಾಗಿ ತಲೆ ನರೆಯುವವರೆಗೆ ಇಂಥದ್ದೇ ಜಗಳ ಕೇಳಿದವರು. ಇಬ್ಬರ ಬಾಯಲ್ಲೂ ಪ್ರೀತಿಯ ಮಾತೇ. ನಡುವೆ ಸಿಕ್ಕ ಜೀವದ ಪಾಡು ಕೇಳುವವರಿಲ್ಲ.

ಅವರ ತೀರ್ಪು ಹೆಸರುವಾಸಿ: ವಾರ ಅಲ್ಲಿ, ವಾರ ಇಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಕೀಲರು ಹೊಗಳುತ್ತಿದ್ದರು. ಒಮ್ಮೆ ಒಂದು ಪುಟ್ಟ ಹುಡುಗಿ ಮಾತ್ರ, "ನನ್ನ ಸೂಟ್‌ಕೇಸು ಖಾಲಿಯಾಗೋದೇ ಇಲ್ಲ" ಅಂದಿದ್ದಳು. ಶಾಮಲಾ ನಕ್ಕು, ಚಾಕೊಲೇಟ್ ಕೊಟ್ಟು, ಸಹಿ ಹಾಕಿದ್ದರು.

"ಸರಿ, ತಿಂಗಳು ಇಲ್ಲಿ, ತಿಂಗಳು ಡ್ರೆಸ್ಡೆನ್‌ನಲ್ಲಿ," ಒಳಗೆ ಪ್ರದ್ಯುಮ್ನ ಸೋತವನಂತೆ ಹೇಳಿದ. "ಇಬ್ಬರಿಗೂ ಸಮ. ಆಯ್ತಾ?"

ಶಾಮಲಾ ತಿರುಗಿ ನೋಡಿದರು. ಬಾಗಿಲ ಬಳಿ ಕೆಂಪು ಸೂಟ್‌ಕೇಸು ಆಗಲೇ ಸಿದ್ಧವಾಗಿ ನಿಂತಿತ್ತು. ಇವತ್ತು ಒಂದು ಮಾತು ಹೆಚ್ಚುಕಡಿಮೆಯಾದರೂ ಅದು ಇನ್ನೆಂದೂ ಖಾಲಿಯಾಗುವುದಿಲ್ಲ. ಆ ಹುಡುಗಿಯ ಹೆಸರೇನಿತ್ತು? ಎಷ್ಟು ತಡಕಿದರೂ ನೆನಪಾಗಲಿಲ್ಲ.

ಕರೆಗಂಟೆ ಸದ್ದಾಯಿತು. ಫೈಲು ಹಿಡಿದ ಎಳೆಯ ಹೆಂಗಸೊಬ್ಬಳು ಒಳಬಂದು ಎಲ್ಲರ ಕೈ ಕುಲುಕಿದಳು. ಯಾರ ಹಣೆಬರಹ ಬರೆಯಬೇಕೋ ಅವರನ್ನು ಮನೆಗೇ ಬಂದು, ಮುಖಾಮುಖಿ ಕೂತು ಕೇಳುವುದು ಇಲ್ಲಿನ ಕ್ರಮ. ಶಾಮಲಾರಿಗೆ ಅದು ಹೊಸದಲ್ಲ. ತಾವೂ ಎತ್ತರದ ಕುರ್ಚಿ ಬಿಟ್ಟು ಪುಟ್ಟ ಸ್ಟೂಲಿನ ಮೇಲೆ ಕೂತೇ ಮಕ್ಕಳನ್ನು ಮಾತಾಡಿಸಿದವರು. ಎಷ್ಟು ಮೆಲ್ಲಗೆ ಕೇಳಿದರೂ ಆ ಮಕ್ಕಳು ಉತ್ತರಿಸುವ ಮುನ್ನ ಬಾಗಿಲ ಕಡೆ ನೋಡುತ್ತಿದ್ದರು. ಏಕೆಂದು ಅವರಿಗೆ ಆಗ ಅರ್ಥವಾಗಿರಲಿಲ್ಲ.

"ನೀವಿಬ್ಬರೂ ಸ್ವಲ್ಪ ಹೊರಗಿರಿ," ಎಂದಳು ಬಂದವಳು. ಸಂಹಿತಾ, ಪ್ರದ್ಯುಮ್ನ ಹೊರಗೆ ಹೋದರು. ಬಾಗಿಲು ಮುಚ್ಚಿತು.

ಆ ಎಳೆಯ ನ್ಯಾಯಾಧೀಶೆ ಸ್ಟೂಲೊಂದನ್ನು ಹತ್ತಿರ ಎಳೆದುಕೊಂಡು ಕೂತು, ಶಾಮಲಾರ ಕೈ ಹಿಡಿದಳು. "ಹೆದರಬೇಡಿ. ಮಗ ಬೇಕೋ ಮಗಳು ಬೇಕೋ ಅಂತ ಕೇಳೋದಿಲ್ಲ. ನಿಮಗೆ ಎಲ್ಲಿ ನೆಮ್ಮದಿಯಾಗಿ ನಿದ್ದೆ ಬರುತ್ತೆ, ಅಷ್ಟು ಹೇಳಿ."

ಶಾಮಲಾ ಬಾಗಿಲ ಕಡೆ ನೋಡಿದರು.