ಸಂಬಂಧದ ಕಾಲಂ

ಟೈಲರಮ್ಮ ಲಿಫ್ಟ್ ಮೆಕ್ಯಾನಿಕ್‌ನ ಅಂಗಿಯ ತೋಳು ಹಿಡಿದು ಶಾಲೆಯ ಆಫೀಸಿಗೆ ಎಳೆದುಕೊಂಡು ಬಂದಳು. ಆ ತೋಳು ಹೊಲಿದವಳೂ ಅವಳೇ. ಕಿತ್ತುಬಂದರೆ ಬರಲಿ ಎನ್ನುವಷ್ಟು ಸಿಟ್ಟು.

ಇಬ್ಬರೂ ಹಳೇ ಸ್ನೇಹಿತರು, ಎದುರುಬದುರು ಮನೆ. ಅವಳ ಗಂಡ ಬಿಟ್ಟುಹೋಗಿ ನಾಲ್ಕು ವರ್ಷ, ಅವನ ಹೆಂಡತಿ ತೀರಿಕೊಂಡು ಮೂರು. ಅವಳಿಗೊಬ್ಬ ಮಗಳು, ಅವನಿಗೊಬ್ಬ ಮಗ, ಒಂದೇ ತರಗತಿ. ಒಂದು ದಿನ ಅವಳು ಎರಡೂ ಮಕ್ಕಳನ್ನು ಮನೆಗೆ ಕರೆತಂದರೆ ಮರುದಿನ ಅವನು.

ಶಾಲೆ ಶುರುವಾದಾಗ, ಮಗುವನ್ನು ಕರೆದೊಯ್ಯುವವರೆಲ್ಲ ಆ ಮಗುವಿನ ಪುಟದಲ್ಲಿ ತಮ್ಮ ಹೆಸರು, ಸಂಬಂಧ ಬರೆದು ಸಹಿ ಹಾಕಬೇಕಿತ್ತು. ಸಮವಸ್ತ್ರ ಹೊಲಿದುಕೊಡುವ ಗಡಿಬಿಡಿಯಲ್ಲಿ ಅವಳು ಮೊದಲ ದಿನವೇ ಎರಡೂ ಮಕ್ಕಳ ಪುಟದಲ್ಲಿ ಗೀಚಿ ಓಡಿದ್ದಳು. ಅವನು ಮಾರನೆಯ ದಿನ ಬಂದು ನಿಧಾನವಾಗಿ ಬರೆದಿದ್ದ.

ಬರೆದದ್ದೇನು? ಅವಳ ಮಗಳ ಪುಟದಲ್ಲಿ, ತನ್ನ ಹೆಸರಿನ ಮುಂದೆ, 'ತಂದೆ'. ಇವತ್ತು ಟೀಚರ್ "ನಿಮ್ಮ ಮಗಳ ಅಪ್ಪ ಬಹಳ ಒಳ್ಳೆಯವರು" ಎಂದಾಗಲೇ ವಿಷಯ ಬಯಲಾದದ್ದು.

"ಯಾರನ್ನ ಕೇಳಿ ಬರೆದೆ?"

ಅವನು ಮೇಜಿನ ಮೇಲಿದ್ದ ರಿಜಿಸ್ಟರನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಇಲ್ಲಿ ಹಾಗೇ ಬರೆಯೋದು ಅಂದ್ಕೊಂಡೆ ಕಣೇ."

"ಸ್ನೇಹಿತ ಅಂತ ಬರೆದಿದ್ರೆ ಕೈ ಸವೆದುಹೋಗ್ತಿತ್ತಾ?"

ಅವನು ಜಗ್ಗಿಹೋದ ತೋಳನ್ನು ಸರಿಮಾಡಿಕೊಂಡ. ಅದಕ್ಕೆ ಅವಳಿಗೆ ಇನ್ನಷ್ಟು ಉರಿಯಿತು. ಇದ್ದ ಅಪ್ಪನೇ ಒಂದು ಮಾತೂ ಹೇಳದೆ ಎದ್ದುಹೋಗಿದ್ದಾನೆ. ಇವನನ್ನೂ ಅಪ್ಪ ಎಂದುಕೊಂಡು, ನಾಳೆ ಇವನೂ ಎದ್ದುಹೋದರೆ ಆ ಕೂಸಿಗೆ ಏನೆಂದು ಸಮಾಧಾನ ಹೇಳುವುದು? ನಾಳೆಯಿಂದ ನನ್ನ ಮಗಳನ್ನು ನಾನು ಕರೆತರುತ್ತೇನೆ, ನಿನ್ನ ಮಗನನ್ನು ನೀನು ನೋಡಿಕೋ ಎಂದಳು. ಎಂದ ಕೂಡಲೇ ಆ ಹುಡುಗನ ಮುಖ ಕಣ್ಣಿಗೆ ಕಟ್ಟಿ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನೂ ಇವನ ಮೇಲೇ ತೀರಿಸಿಕೊಂಡು, ತನ್ನದಲ್ಲದ ಮಗುವಿಗೆ ಅಪ್ಪನಾಗಲು ನಾಚಿಕೆಯಾಗಲಿಲ್ಲವೇ ಎಂದು ಆಫೀಸಿಗೆಲ್ಲ ಕೇಳುವಂತೆ ಬೈದಳು. ಆಮೇಲೆ ಗುಮಾಸ್ತೆಯ ಕಡೆ ತಿರುಗಿ, ಈಗಲೇ ಅದನ್ನು ಹೊಡೆದುಹಾಕಿ ಎಂದಳು.

ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡಳು. "ಹೊಡೆದುಹಾಕೋಣ, ಅದಕ್ಕೇನಂತೆ. ಆದ್ರೆ ಎರಡನ್ನೂ ಹೊಡೀಬೇಕಾಗುತ್ತಲ್ಲಮ್ಮ," ಎಂದು ಹಾಳೆ ತಿರುವಿ ಮೆಕ್ಯಾನಿಕ್‌ನ ಮಗನ ಪುಟವನ್ನು ಅವಳ ಮುಂದಿಟ್ಟಳು.

ಸಂಬಂಧ: ತಾಯಿ. ಅಕ್ಷರ ಅವಳದೇ, ಸಹಿಯೂ ಅವಳದೇ, ತಾರೀಕು ಅವನದ್ದಕ್ಕಿಂತ ಒಂದು ದಿನ ಮುಂಚಿನದು.