ಕೊಪ್ರೆಸ್ ಗುರುಶಾಂತ

ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ತಿಪ್ಪೆ ಎಲ್ಲಿಂದ ಬರಬೇಕು? ಬಸಲಿಂಗಮ್ಮ ಮೊಮ್ಮಗನನ್ನು ಮೊರದಲ್ಲಿ ಮಲಗಿಸಿಕೊಂಡು ಲಿಫ್ಟಿನಲ್ಲಿ ಇಳಿದರು. ಗೇಟಿನಾಚೆ ಮುನ್ಸಿಪಾಲಿಟಿಯ ಕಸದ ತೊಟ್ಟಿಯ ಪಕ್ಕ ಮೊರವನ್ನಿಟ್ಟು, ಅಲ್ಲೇ ಸಿಕ್ಕ ಕೂಸೆಂಬಂತೆ ಎತ್ತಿಕೊಂಡು ಮೇಲೆ ಬಂದರು. ವಾಚ್‌ಮನ್ ಏನೂ ಕೇಳಲಿಲ್ಲ. ಆ ಕಟ್ಟಡದಲ್ಲಿ ಅವನು ಇದಕ್ಕಿಂತ ವಿಚಿತ್ರಗಳನ್ನು ಕಂಡಿದ್ದ.

ಮಗನಿಗೆ ಹುಟ್ಟಿದ ಮೊದಲಿನ ಎರಡು ಕೂಸುಗಳು ಉಳಿದಿರಲಿಲ್ಲ. ಯಾರಿಗೂ ಬೇಡವಾಗಿ ತಿಪ್ಪೆಯಲ್ಲಿ ಸಿಕ್ಕ ಕೂಸಿಗೆ ಸಾವೂ ಆಸೆಪಡುವುದಿಲ್ಲ ಎಂಬುದು ಅವರ ನಂಬಿಕೆ. ಹೆಸರೂ ತಿಪ್ಪಣ್ಣ ಎಂದೇ ಆಗಬೇಕೆಂದು ಹಟ ಹಿಡಿದರು.

ಮಗ ಗುರುಶಾಂತ ಒಪ್ಪಲಿಲ್ಲ. ಅವನ ಸಾಫ್ಟ್‌ವೇರ್ ಆಫೀಸಿನಲ್ಲಿ ಆ ವರ್ಷ ಮಕ್ಕಳಿಗೆ ಗ್ರೀಕ್ ಹೆಸರಿಡುವ ಹುಚ್ಚು. ಒಂದೇ ಟೀಮಿನಲ್ಲಿ ಇಬ್ಬರು ಅಲೆಕ್ಸ್‌ಗಳ ಅಪ್ಪಂದಿರಿದ್ದರು. ಯಾರೂ ಇಡದ ಹೆಸರು ಬೇಕೆಂದು ತಂಗಿ ಸುವರ್ಣಾಳಿಗೆ ಗಂಟುಬಿದ್ದ. ಅವಳು ಇತಿಹಾಸದಲ್ಲಿ ಎಂ.ಎ.; ಹೋದ ವರ್ಷ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಳು.

“ಕೊಪ್ರೆಸ್,” ಎಂದಳು ಸುವರ್ಣಾ. ಬಹಳ ಹಿಂದೆ ಈಜಿಪ್ಟಿನಲ್ಲಿದ್ದ ಗ್ರೀಕರ ಹೆಸರು, ಒಬ್ಬ ಸನ್ಯಾಸಿಗೂ ಇತ್ತು ಎಂದಳು. ಗುರುಶಾಂತ ಇನ್ನೇನೂ ಕೇಳಲಿಲ್ಲ. ಆಫೀಸಿಗೆಲ್ಲ ಮೇಲ್ ಕಳಿಸಿ, ಕೇಕಿನ ಮೇಲೂ ಬರೆಸಿದ.

ತೊಟ್ಟಿಲ ದಿನ ಬಂಧುಗಳೆದುರು ಬಸಲಿಂಗಮ್ಮ ಸುವರ್ಣಾಳನ್ನು ಆ ಹೆಸರಿನ ಅರ್ಥ ಕೇಳಿದರು.

“ತಿಪ್ಪಿಯವ ಅಂತವ್ವ. ಅಲ್ಲೂ ಬ್ಯಾಡಾದ ಕೂಸಿನ್ನ ತಿಪ್ಪಿಗೆ ಒಗೀತಿದ್ರು. ಎತ್ಕೊಂಡು ಸಾಕಿದವ್ರು ಈ ಹೆಸರಿಡ್ತಿದ್ರು. ಕೂಸು ಉಳೀಲಿ ಅಂತ ಹೆತ್ತವ್ರೂ ಇಡ್ತಿದ್ರಂತ.”

ಗುರುಶಾಂತ ಕೇಕನ್ನೇ ನೋಡುತ್ತ ನಿಂತ. ಬಸಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಗ್ರೀಕರೂ ನಮ್ಮಂಥವ್ರ ಅದಾರ ನೋಡು.”

ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಸುವರ್ಣಾ ವಿಧವೆಯೆಂದು ಅದನ್ನು ಚಿಕ್ಕಪ್ಪನ ಮಗಳು ಪ್ರೇಮಾಳಿಗೆ ವಹಿಸಿಯಾಗಿತ್ತು. ಪ್ರೇಮಾ ಇನ್ನೇನು ತೊಟ್ಟಿಲಿಗೆ ಬಗ್ಗಬೇಕು, ಬಸಲಿಂಗಮ್ಮ ಅವಳ ತೋಳು ಹಿಡಿದರು.

“ನೀ ಆಚಿಗೆ ಸರಿಯವ್ವ. ಸಾವಿಗೆ ಹೇಸಿಗಿ ಬರಬೇಕಂದ್ರ ಹೆಸರೊಂದ ಸಾಲಂಗಿಲ್ಲ. ಗಂಡನ್ನ ಕಳಕೊಂಡಾಕಿ ಬಾಯಿಂದ ಬರ್ಲಿ. ಸುವರ್ಣಾ, ಬಾ.”

ಸುವರ್ಣಾ ಎದ್ದು ಬಂದು, ಬಗ್ಗಿ, ಕೂಸಿನ ಕಿವಿಯ ಮೇಲಿನ ಕುಲಾವಿ ಸರಿಸಿದಳು. ಹೆಸರು ಹೇಳುವ ಮೊದಲು ತಲೆಯೆತ್ತಿ ಕೇಳಿದಳು:

“ಹಂಗಾದ್ರ ಕಸದ ತೊಟ್ಟಿತನಕ ಯಾಕ ಹೋಗಿದ್ದಿ, ಅವ್ವಾ? ನಾ ಮನ್ಯಾಗ ಇದ್ನಲ್ಲ.”